ಚಾಲು ಅಂದವಳು

ಬಸ್ಸು ಹತ್ತಿದರೆ ನನಗೆ ನಿದ್ದೆ. ಇದು ಇವತ್ತಿನ ರೋಗವಲ್ಲ. ಹಿಂದೂಪುರದಿಂದ ಲೇಪಾಕ್ಷಿ ಕಡೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಮೇಡಂಗಿರಿ ಮಾಡಿದವಳು ನಾನು. ನಿಂತುಕೊಂಡೇ ಕಣ್ಣು ಮುಚ್ಚಿ, ನನ್ನ ಊರು ಬಂದಾಗ ಕಂಡಕ್ಟರು "ಟೀಚರಮ್ಮಾ" ಅಂದ ಮೇಲೆ ಎಚ್ಚೆತ್ತು ಇಳಿಯುತ್ತಿದ್ದೆ. ಆ ನಿದ್ದೆಯಲ್ಲಿ ಕನಸುಗಳು ತೆಳ್ಳಗೆ ಬರುತ್ತಿದ್ದವು. ಹೊರಗಿನವರ ಮಾತು ಒಳಗೆ ಬಂದು ಬೇರೆಯವರ ಬಾಯಿಂದ ಹೊರಡುತ್ತಿತ್ತು. ಎದ್ದ ಮೇಲೆ ಕಂಡದ್ದು ನೆನಪಿರುತ್ತಿತ್ತು, ಯಾವ ಭಾಷೆಯಲ್ಲಿ ಕಂಡೆ ಅನ್ನುವುದು ಮಾತ್ರ ನೆನಪಿರುತ್ತಿರಲಿಲ್ಲ. ನಮ್ಮ ಕಡೆ ಎಚ್ಚರವಿದ್ದಾಗಲೂ ಅದೇ ಕಥೆ. ಕನ್ನಡದಲ್ಲಿ ಶುರು ಮಾಡಿದ ಬೈಗುಳ ತೆಲುಗಿನಲ್ಲಿ ಮುಗಿಯುತ್ತದೆ.

ನಿವೃತ್ತಿಯಾದ ಮೇಲೆ ಬಸ್ಸೂ ಹೋಯಿತು, ಆ ನಿದ್ದೆಯೂ ಹೋಯಿತು. ಹೀಗಿರುವಾಗ ಊರಿನ ನಾಲ್ಕು ಜನ ಮನೆಗೆ ಬಂದರು. ಇಲ್ಲೇ ಹಿಂದೂಪುರದ ಒಂದು ಸಣ್ಣ ಸೇವಾಸಂಸ್ಥೆಗೆ ಅವರು ವರ್ಷವರ್ಷವೂ ಕೈಲಾದದ್ದು ಕೊಡುತ್ತಿದ್ದರು. ಸಂಸಾರದ ತೊಂದರೆಗಳನ್ನು ನೋಡಿಕೊಳ್ಳುವ ಸಂಸ್ಥೆ ಅದು. ಗಂಡ ಹೆಂಡತಿಯರನ್ನು ಕೂರಿಸಿ ಮಾತಾಡಿಸುವುದು, ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳುವುದು, ಮನೆ ಬಿಟ್ಟು ಬಂದವಳಿಗೆ ನಾಲ್ಕು ದಿನ ಜಾಗ ಕೊಡುವುದು. "ಹೇಳಿದ್ದ ಮಾಡ್ತಾವ್ರಾ, ಮಾಡಿದ್ದ ಹೇಳ್ತಾವ್ರಾ, ಅಷ್ಟು ನೋಡ್ಕೊಂಡು ಬಂದು ನಮ್ಗೆ ಹೇಳಿ ಟೀಚರಮ್ಮ" ಅಂದರು. ಹೊಣೆಗಾರಿಕೆ, ಪಾರದರ್ಶಕತೆ ಎಂದು ದೊಡ್ಡ ದೊಡ್ಡ ಪದ ಹಾಕಿ ಸಭೆಗಳಲ್ಲಿ ಗಂಟೆಗಟ್ಟಲೆ ಹೇಳುವುದನ್ನು ಅವರು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದರು. ಕೆಲಸದಲ್ಲಿ ಬಸ್ ಪ್ರಯಾಣವೂ ಇರಬಹುದು ಅಂದದ್ದಕ್ಕೆ ನಾನು ತಕ್ಷಣ ಒಪ್ಪಿಕೊಂಡೆ. ಅದೇ ನಿಜವಾದ ಕಾರಣ, ಮುಚ್ಚಿಟ್ಟು ಏನು ಮಾಡಲಿ.

ಸಂಸ್ಥೆ ಇದ್ದದ್ದು ಪೇಟೆಯ ಹಿಂದಿನ ಓಣಿಯ ಒಂದು ಹೆಂಚಿನ ಮನೆಯಲ್ಲಿ. ಮುಂದಿನ ಕೋಣೆಗೆ ಚಾಪೆ, ಹಿಂದಿನ ಕೋಣೆಗೆ ಸೀರೆ ಕಟ್ಟಿದ ತೊಟ್ಟಿಲುಗಳು. ಮಧ್ಯಾಹ್ನ ಎಲ್ಲ ಕೂಸುಗಳೂ ಮಲಗಿದಾಗ ಆ ಮನೆಯ ಉಸಿರು ಕೇಳಿಸುತ್ತಿತ್ತು. ಬಿಸಿಲು ಕಿಟಕಿಯಿಂದ ಬಂದು ತೊಟ್ಟಿಲ ಸೀರೆಯ ಬಣ್ಣವನ್ನು ಗೋಡೆಗೆ ಬಳಿಯುತ್ತಿತ್ತು. ಗೋಡೆ ಒಂದು ಸಲ ಕೆಂಪಗೆ, ಒಂದು ಸಲ ಹಸಿರಾಗಿ ತೂಗುತ್ತಿತ್ತು. ತನಿಖೆ ಮಾಡಲು ಬಂದ ನಾನು ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂತಿದ್ದೇನೆ.

ಮನೆ ನಡೆಸುತ್ತಿದ್ದವರನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಟ್ಟಿ ಧ್ವನಿ, ದೊಡ್ಡ ಕುಂಕುಮ, ಒಂದು ಕೈಯಲ್ಲಿ ತೊಟ್ಟಿಲ ಹಗ್ಗ, ಇನ್ನೊಂದರಲ್ಲಿ ಫೋನು. ಜಗಳವಾಡಿ ಬಂದವರಿಗೆಲ್ಲ ಅವರ ಮೊದಲ ಮಾತು ಒಂದೇ: "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣ್ರಮ್ಮ." ಕೆಲವರದ್ದು ಉಂಡ ಮೇಲೆ ಶುರುವಾಗುತ್ತದೆ ದೊಡ್ಡಮ್ಮ ಅಂದೆ ನಾನು. ಅವರು ನಕ್ಕರು. ನಗುವವರನ್ನು ಕಂಡರೆ ನನಗೆ ಇಷ್ಟ. ಆದರೆ ತನಿಖೆಗೆ ಬಂದವಳು ಇಷ್ಟಪಡಬಾರದು ಎಂದು ಮುಖ ಬಿಗಿದುಕೊಂಡೆ.

"ನಮ್ಮಲ್ಲಿ ಮುಚ್ಚುಮರೆ ಇಲ್ಲ, ಬೀದೀಗೇ ಬರ್ದು ಹಾಕಿವ್ನಿ" ಎಂದು ಅವರು ತೋರಿಸಿದ್ದು ಜಗಲಿಯ ಮೇಲಿನ ಕಪ್ಪು ಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ ಮೂರು ಮನೆ: ಕೂಡಿದವು, ಬೇರಾದವು, ಚಾಲು. ಯಾರ ಹೆಸರೂ ಇಲ್ಲ, ಬರೀ ಗೀಟು. ಬಂದುಹೋಗುವವರೆಲ್ಲ ನೋಡಬಹುದು. ನನಗೆ ಮೆಚ್ಚುಗೆಯಾಯಿತು. ಮೆಚ್ಚುಗೆಯಾದಾಗಲೇ ನನಗೆ ಅನುಮಾನ ಬರುವುದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಕೆಲವು ದಿನ ಅಲ್ಲೇ ಕೂತು, ಬಂದವರನ್ನು ಮಾತಾಡಿಸಿದೆ. ಒಬ್ಬರೂ ದೂರಲಿಲ್ಲ. ದೊಡ್ಡಮ್ಮ ಉತ್ಸಾಹದಿಂದ, ಕೂಡಿದ ಸಂಸಾರಗಳ ಮನೆಗೆಲ್ಲ ನನ್ನನ್ನು ಕರೆದೊಯ್ಯುವುದಾಗಿ ಹೇಳಿದರು. ಅವರು ಆರಿಸಿಕೊಟ್ಟ ಮನೆಗೆ ಹೋಗಿ ಕಾಫಿ ಕುಡಿದು ಬಂದರೆ ಅದು ತನಿಖೆಯಲ್ಲ, ಬೀಗರೂಟ. "ಮುಗಿದಿದ್ದು ಬೇಡ ದೊಡ್ಡಮ್ಮ. ಆ ಮೂರನೇ ಮನೆಯದು ಒಂದು ತೋರಿಸಿ" ಅಂದೆ.

ಅವರು ತೊಟ್ಟಿಲ ಹಗ್ಗ ಬಿಟ್ಟು ಯೋಚಿಸಿದರು. "ಹಂಗಾದ್ರೆ ಕಲ್ಯಾಣದುರ್ಗಕ್ಕೆ ಹೋಗ್ಬನ್ನಿ. ಎರಡು ವರ್ಷದಿಂದ ಚಾಲು ಐತೆ. ಈ ಭಾನುವಾರ ಕೂಡ್ಸಿಬಿಡ್ತೀನಿ."

ಹುಡುಗಿಯ ಗಂಡನ ಮನೆ ಪರಿಗಿ ಹತ್ತಿರದ ಹಳ್ಳಿ. ಗಂಡ ಗಾಡಿ ಓಡಿಸುವವನು. ಕೆಲಸಕ್ಕೆ ಹೋಗುವಾಗ ಅವಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಪೆನುಕೊಂಡಕ್ಕೆ ಹೋದರೆ ಸಂಜೆ, ಬೆಂಗಳೂರಿಗೆ ಹೋದರೆ ಮಾರನೇ ದಿನ. ಒಂದು ದಿನ ಪಕ್ಕದ ಮನೆಯವರು ಬೀಗ ಒಡೆದರು, ಅವಳು ನೇರ ದೊಡ್ಡಮ್ಮನ ಮನೆಗೆ ಬಂದಳು. ಇವರು ನಾಲ್ಕು ದಿನ ಇಟ್ಟುಕೊಂಡು, ಕಲ್ಯಾಣದುರ್ಗದಲ್ಲಿದ್ದ ಅವಳ ಚಿಕ್ಕಮ್ಮನ ಮನೆಗೆ ಕಳಿಸಿದರು. ಆಮೇಲೆ ತಿಂಗಳಿಗೊಮ್ಮೆ ಗಂಡನನ್ನು ಕರೆದುಕೊಂಡು ಹೋಗಿ ಮಾತುಕತೆ.

"ಅವ್ನು ಬದಲಾಗವ್ನೆ ಟೀಚರಮ್ಮ. ಬೀಗಾನೇ ತಂದು ನನ್ ಕೈಗೆ ಕೊಟ್ಬುಟ್ಟ" ಎಂದು ದೊಡ್ಡಮ್ಮ ಬೀರು ತೆಗೆದು ತೋರಿಸಿದರು. ಸೀರೆಗಳ ಮೇಲೆ ಹಿತ್ತಾಳೆಯ ಬೀಗ ದೇವರ ಸಾಮಾನಿನ ಹಾಗೆ ಕೂತಿತ್ತು.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಮಡಕಶಿರ, ಪಾವಗಡದ ಮೇಲೆ ಹೋದೆ. ಆ ದಾರಿಯಲ್ಲಿ ಆಂಧ್ರದಿಂದ ಹೊರಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೇ ಬರುತ್ತೇವೆ. ಕಿಟಕಿಯ ಹೊರಗೆ ಅಂಗಡಿ ಬೋರ್ಡುಗಳ ಅಕ್ಷರ ಬದಲಾಗುತ್ತದೆ, ಆಮೇಲೆ ಮತ್ತೆ ಬದಲಾಗುತ್ತದೆ. ಎರಡೂ ಲಿಪಿ ಅಕ್ಕತಂಗಿಯರ ಹಾಗೆ, ನಿದ್ದೆಗಣ್ಣಿಗೆ ಯಾವುದು ಯಾವುದೋ ತಿಳಿಯುವುದಿಲ್ಲ. ಪಾವಗಡ ದಾಟಿದ ಮೇಲೆ ದೂರದಲ್ಲಿ ನೀರು ಕಂಡಿತು. ಈ ಬೆಂಗಾಡಿನಲ್ಲಿ ಇಷ್ಟು ದೊಡ್ಡ ಕೆರೆ ಎಲ್ಲಿಂದ ಬಂತು ಎಂದು ಕಣ್ಣುಜ್ಜಿ ನೋಡಿದರೆ ಸೋಲಾರ್ ಹಲಗೆಗಳು, ಆಕಾಶವನ್ನು ಹಿಡಿದುಕೊಂಡು ಮಲಗಿದ್ದವು. ಕೆರೆಯಲ್ಲ ಎಂದು ಗೊತ್ತಾದ ಮೇಲೂ ಗಾಳಿ ತಣ್ಣಗೆ ಬೀಸಿದಂತಾಯಿತು. ಮತ್ತೆ ನಿದ್ದೆ ಹೋದೆ.

ಚಿಕ್ಕಮ್ಮನ ಮನೆ ಸಿಕ್ಕಾಗ ನಡುಹಗಲು. ಹುಡುಗಿ ಬಾಗಿಲ ಹತ್ತಿರ ಮಿಷನ್ನಿನ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ತೆಳ್ಳನೆಯವಳು, ಕಾಲೇಜು ಮೆಟ್ಟಿಲು ಹತ್ತಿ ಬಿಟ್ಟವಳು. ಅಪ್ಪನ ಕಡೆ ಕನ್ನಡ, ಅಮ್ಮನ ಕಡೆ ತೆಲುಗು. ಚಿಕ್ಕಮ್ಮ ಕುರ್ಚಿ ಹಾಕಿ, ಮಜ್ಜಿಗೆ ಕೊಟ್ಟು, ನಮ್ಮ ನಡುವೆ ಕೂತರು. ನಾನು ಯಾಕೆ ಬಂದೆ ಎಂದು ಹೇಳಿ, "ನಿಮ್ಮ ಮಾತುಕತೆ ಹೇಗಿದೆಯಮ್ಮ?" ಎಂದು ಕೇಳಿದೆ.

ಅವಳು ಮಿಷನ್ ನಿಲ್ಲಿಸಿದಳು. "ಚಾಲು ಆಂಟಿ" ಅಂದಳು. ಬಲಗೈಯನ್ನು ಅಂಗೈ ಕೆಳಗೆ ಮಾಡಿ, ಬಟ್ಟೆಯ ಮೇಲೆ ಮುಚ್ಚಿದಂತೆ ಚಾಚಿದಳು.

"ಅದೇ, ನಡೀತಾನೇ ಐತೆ" ಎಂದು ಚಿಕ್ಕಮ್ಮ ಸೇರಿಸಿದರು. "ಆ ದೊಡ್ಡಮ್ಮ ದೇವ್ರಂಥವ್ರು, ಬಿಡ್ದೆ ಬತ್ತಾವ್ರೆ. ಭಾನುವಾರ ಒಳ್ಳೇ ದಿನ ಅಂತ ನಾನೂ ಪಂಚಾಂಗ ಕೇಳಿಸಿವ್ನಿ."

"ಒಳ್ಳೆಯದಾಯಿತು" ಅಂದೆ ನಾನು. ಹುಡುಗಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮತ್ತೆ ಮಿಷನ್ ತುಳಿಯತೊಡಗಿದಳು. ಹೊರಡುವಾಗ ಹೋಗಿಬರುತ್ತೇನೆ ಅಂದದ್ದಕ್ಕೂ ತಲೆ ಎತ್ತಲಿಲ್ಲ. ಸಂಕೋಚದ ಹುಡುಗಿ ಅಂದುಕೊಂಡೆ. ಕೇಳಿದೆ, ಉತ್ತರ ಸಿಕ್ಕಿತು, ಹಲಗೆಯಲ್ಲಿ ಬರೆದದ್ದಕ್ಕೂ ತಾಳೆಯಾಯಿತು ಎಂದು ತೃಪ್ತಿಯಿಂದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕನಸು ಬಿತ್ತು. ನನ್ನ ಅಮ್ಮನ ಕಡೆಯವರ ಮದುವೆ ಮನೆ. ಪಂಕ್ತಿಯಲ್ಲಿ ಕೂತಿದ್ದೇನೆ. ಬಡಿಸುವವರು ಅನ್ನ ಹಾಕುತ್ತಿದ್ದಾರೆ, ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದು "ಚಾಲು, ಚಾಲು" ಅನ್ನುತ್ತಿದ್ದೇನೆ. ಅವರು ನಗುತ್ತ ನನ್ನ ಕೈಯ ಮೇಲೆಯೇ ಹಾಕುತ್ತಿದ್ದಾರೆ. ಅನ್ನ ಬೆಳ್ಳಗೆ, ಬೆಚ್ಚಗೆ, ಮೊಣಕೈವರೆಗೂ ಏರುತ್ತಿದೆ. ಬಡಿಸುವವರಿಗೆ ಎಷ್ಟು ಸಂತೋಷ!

ಎಚ್ಚರವಾದಾಗ ಬಸ್ಸು ಪಾವಗಡದಲ್ಲಿ ನಿಂತಿತ್ತು. ಎದುರಿಗೆ ಕನ್ನಡ ಬೋರ್ಡುಗಳು. ನನ್ನ ಕೈ ಮಡಿಲಲ್ಲಿದ್ದ ಚೀಲದ ಮೇಲೆ ಮುಚ್ಚಿದಂತೆ ಚಾಚಿತ್ತು. ಅದೇ ಕೈ. ಅವಳ ಕೈ.

ಕನ್ನಡದಲ್ಲಿ ಚಾಲು ಅಂದರೆ ನಡೆಯುತ್ತಿದೆ. ತೆಲುಗಿನಲ್ಲಿ ಚಾಲು ಅಂದರೆ ಸಾಕು, ನಿಲ್ಲಿಸಿ. ಎರಡೂ ನಮ್ಮ ಬಾಯಲ್ಲಿ ದಿನಾ ಬರುವ ಮಾತುಗಳೇ. ಓದದ ಹಳ್ಳಿಯವಳಾಗಿದ್ದರೆ ನಮ್ಮ ಕಡೆಯ ಹಳ್ಳಿ ತೆಲುಗಿನಲ್ಲಿ ಸಾಲು ಅಂದಿರುತ್ತಿದ್ದಳು, ಯಾರಿಗೂ ಗೊಂದಲವಿರುತ್ತಿರಲಿಲ್ಲ. ಓದಿದವಳು, ತೆಲುಗು ಪಾಠದಲ್ಲಿ ಇದ್ದ ಹಾಗೆ ಶುದ್ಧವಾಗಿ ಚಾಲು ಅಂದಳು. ನಾನೂ ಹಾಗೆ ಶುದ್ಧವಾಗಿ ಮಾತಾಡಿ ಎಂದು ಮಕ್ಕಳಿಗೆ ಬೆತ್ತ ತೋರಿಸಿದವಳೇ. ಬಸ್ಸು ಹೊರಡುವ ಮೊದಲು ಇಳಿದು, ಎದುರು ದಿಕ್ಕಿನ ಬಸ್ಸು ಹತ್ತಿದೆ. ಜೀವನದಲ್ಲಿ ಮೊದಲ ಸಲ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ.

ಬಿಸಿಲು ಹಳದಿಯಾಗಿತ್ತು. ಚಿಕ್ಕಮ್ಮ ಅಂಗಡಿಗೆ ಹೋಗಿದ್ದರು. ಹುಡುಗಿ ಒಬ್ಬಳೇ ಗುಂಡಿ ಹಾಕುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, ಎಲೆಗೆ ಅಡ್ಡ ಹಿಡಿಯುವ ಹಾಗೆ ಕೈ ಹಿಡಿದು, "ನೀನು ಮಧ್ಯಾಹ್ನ ಹೇಳಿದ್ದು ಈ ಚಾಲೂನಾ?" ಎಂದು ಕೇಳಿದೆ.

"ಇನ್ಯಾವ ಚಾಲು ಆಂಟಿ?" ಅಂದಳು. ಅಷ್ಟರಲ್ಲಿ ಅವಳಿಗೆ ಹೊಳೆಯಿತು. ಸೂಜಿ ಹಾಗೇ ಕೈಯಲ್ಲಿ ನಿಂತಿತು. "ಅಂದ್ರೆ... ಎರಡು ವರ್ಷದಿಂದ ನಾನು ನಡೀಲಿ, ನಡೀಲಿ ಅಂತಾನೇ ಹೇಳ್ತಾ ಇದ್ನಾ?"

ನಕ್ಕಳು. ಬಹಳ ಹೊತ್ತು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. ಆಮೇಲೆ ನಗು ಇರಲಿಲ್ಲ, ನೀರು ಮಾತ್ರ ಇತ್ತು.

"ಮೊದಲ್ನೇ ಸಲ ಕೂತು ಮಾತಾಡಿದ್ಮೇಲೆ ದೊಡ್ಡಮ್ಮ ಫೋನ್ ಮಾಡಿ, ಮಾತುಕತೆ ಏನಮ್ಮ ಅಂದ್ರು. ಚಾಲು ಅಂದೆ. ಸರಿ ಕಣಮ್ಮ ಅಂದ್ರು. ಬಿಟ್ಬಿಡ್ತಾರೆ ಅಂದ್ಕೊಂಡೆ. ಮುಂದಿನ ತಿಂಗಳು ಮತ್ತೆ ಅವ್ನ ಕರ್ಕೊಂಡು ಬಂದ್ಬುಟ್ರು. ಪ್ರತಿ ಸಲಾನೂ ಅದೇ ಹೇಳೀನಿ. ಇಷ್ಟ ಇಲ್ಲ ಅಂತಾನೂ ಹೇಳೀನಿ, ಹುಡುಗೀರು ಹಂಗೇ ಅಂತಾರೆ ಅಂತ ನಗ್ತಾರೆ."

"ಬೀಗ ತಂದುಕೊಟ್ಟಿದ್ದಾನಂತೆ?" ಅಂದೆ.

"ಅಂಗಡೀಲಿ ಬೇರೆ ಸಿಗಲ್ವಾ ಆಂಟಿ?"

ನಾನು ಹೊಸಿಲ ಮೇಲೆ ಕೂತೆ. ಅವಳೇ ಮುಂದುವರಿಸಿದಳು. "ಭಾನುವಾರ ಹೋಗ್ಬಿಡಾನ ಅಂತಿದ್ದೆ. ಹೇಳಿ ಹೇಳಿ ಬೇಜಾರಾಗೈತೆ. ಅಲ್ಲಿ ಬೀಗ ಹಾಕಿದ್ರೆ ಯಾರೂ ಒಳಗೆ ಬರಲ್ಲ. ಇಲ್ಲಿ ಒಳ್ಳೇವ್ರು ಬತ್ತಾನೇ ಇರ್ತಾರೆ."

ಆ ಮಾತಿಗೆ ನನಗೆ ಸಿಟ್ಟು ಬಂತು. ದೊಡ್ಡಮ್ಮನ ಮೇಲೆ, ಪಂಚಾಂಗದ ಚಿಕ್ಕಮ್ಮನ ಮೇಲೆ, ಒಳ್ಳೆಯದಾಯಿತು ಅಂದ ನನ್ನ ಬಾಯಿಯ ಮೇಲೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೇ ಎಲ್ಲ.

ಮಾರನೇ ದಿನ ದೊಡ್ಡಮ್ಮನಿಗೆ ಹೇಳಿದೆ. ಅವರು ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು. ಮೊದಲು ನಂಬಲಿಲ್ಲ. ಆಮೇಲೆ ರೇಗಿದರು. "ಎರಡು ವರ್ಷ ಬಸ್ಸಲ್ಲಿ ಓಡಾಡಿವ್ನಿ ಟೀಚರಮ್ಮ. ಆ ಹುಡ್ಗಿ ಬಾಳು ನೆಟ್ಟಗಾಗ್ಲಿ ಅಂತ. ನಂಗೇನು ಬಂತು ಅದ್ರಿಂದ?" ನಾನು ಸಮಾಧಾನಕ್ಕೆ, ಭಾಷೆಯಿಂದಾದ ಗೊಂದಲ ಎಂದು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ ಅಂದೆ. ಕೂಸಿನ ಬೆನ್ನ ಮೇಲೆ ಅವರ ಕೈ ನಿಧಾನವಾಗಿ ಸುತ್ತುತ್ತಲೇ ಇತ್ತು. ಗೋಡೆಯ ಮೇಲೆ ಹಸಿರು ಬಣ್ಣ ತೂಗುತ್ತಿತ್ತು. ಕೂಸನ್ನು ತೊಟ್ಟಿಲಿಗೆ ಹಾಕಿ, "ಭಾನುವಾರ ನೀವೂ ಬನ್ನಿ" ಎಂದು ಮಾತ್ರ ಅಂದರು. ಹೋಗಿ ಏನು ಮಾಡುತ್ತಾರೆ ಎಂದು ನನಗೆ ತಿಳಿಯಲಿಲ್ಲ. ಭಾಷೆ ತೊಡಕು ತೀರಿತು, ಈಗ ಹೊಸದಾಗಿ ಮಾತಾಡೋಣ ಎಂದು ಮತ್ತೆ ಕೂರಿಸಿಬಿಟ್ಟರೆ? ಹುಡುಗಿ ಹೂಂ ಅಂದುಬಿಟ್ಟರೆ? ಆ ಎರಡು ರಾತ್ರಿ ನನ್ನ ಕನಸಿನಲ್ಲಿ ಬಾಗಿಲುಗಳೇ ಬಂದವು.

ಭಾನುವಾರ ಚಿಕ್ಕಮ್ಮನ ಮನೆಯ ಮುಂದೆ ಬೇವಿನ ನೆರಳಿಗೆ ಕುರ್ಚಿ ಹಾಕಿದ್ದರು. ಗಂಡ, ಅವನ ಅಣ್ಣ ಮೊದಲೇ ಬಂದಿದ್ದರು. ಗಂಡ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಹೂವು, ಹಣ್ಣು, ಒಂದು ಸೀರೆಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡಿದ್ದ. ನೋಡಿದರೆ ಯಾರಿಗಾದರೂ ಪಾಪ ಅನ್ನಿಸಬೇಕು, ನನಗೂ ಅನ್ನಿಸಿತು. ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲಿ ಬಟ್ಟೆ ತುಂಬಿದ ಚೀಲ ಸಿದ್ಧವಾಗಿತ್ತು. ಹೋಗಲು ಒಪ್ಪಿಬಿಟ್ಟಳೇ ಅಂದುಕೊಂಡೆ.

ದೊಡ್ಡಮ್ಮ ಕೂರಲಿಲ್ಲ.

"ಈ ಯಮ್ಮ ಮೊದಲ್ನೇ ದಿನಾನೇ ಹೇಳವ್ಳೆ, ಸಾಕು ಅಂತ" ಅಂದರು. "ನಾನು ನಡೀತಾ ಐತೆ ಅಂತ ತಿಳ್ಕೊಂಡೆ. ಭಾಷೆ ಮೇಲೆ ಹಾಕಲ್ಲ. ನಂಗೆ ಎರಡೂ ಬತ್ತವೆ. ನಂಗೆ ಬೇಕಾಗಿದ್ದು ನಂಗೆ ಕೇಳಿಸ್ತು, ಅಷ್ಟೇ. ಕೂಡಿಸ್ಬೇಕು ಅಂತ ಆಸೆ ನಂಗಿತ್ತು. ಇವತ್ತಿಗೆ ಮುಗೀತು. ಇನ್ ಮೇಲೆ ನಮ್ ಕಡೆಯಿಂದ ಯಾರೂ ಇವ್ಳ ಬಾಗಿಲಿಗೆ ಬರಲ್ಲ."

ಅಣ್ಣ ಎದ್ದು ನಿಂತು ತೆಲುಗಿನಲ್ಲಿ ಜೋರು ಮಾಡಿದ. ಗಂಡ ಅವನನ್ನು ತಡೆದು, "ಅಂಗಾದ್ರೆ ಇಷ್ಟ್ ದಿನ ನನ್ ಯಾಕೆ ಓಡಾಡಿಸಿದ್ರಿ ದೊಡ್ಡಮ್ಮ?" ಅಂದ.

"ಅದೂ ನನ್ ತಪ್ಪೇ ಕಣಪ್ಪ. ನಿಂಗೂ ಇಲ್ದಿರೋ ಆಸೆ ಹಚ್ಚಿಬಿಟ್ಟೆ."

ಅವನು ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡಲಿಲ್ಲ, ಅವನನ್ನೇ ನೋಡಿದಳು, ಇಲ್ಲ ಎಂದು ತಲೆಯಾಡಿಸಿದಳು. ಅವನು ಪೊಟ್ಟಣ ಕುರ್ಚಿಯ ಮೇಲಿಟ್ಟು, ಮತ್ತೆ ಏನೋ ನೆನಪಾದವನಂತೆ ಎತ್ತಿಕೊಂಡು ಅಣ್ಣನ ಜೊತೆ ಹೋದ. ಓಣಿಯ ಕೊನೆಯವರೆಗೂ ಬಿಳಿ ಅಂಗಿ ಕಾಣುತ್ತಿತ್ತು. ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತರು.

ಹುಡುಗಿ ಚೀಲ ಎತ್ತಿಕೊಂಡು ಒಳಗೆ ಹೋದಳು. ಕಾಫಿಗೆ ಹೋದಳೇನೋ ಎಂದು ಕಾದೆವು. ಚಿಕ್ಕಮ್ಮ ಒಳಗೆ ಹೋಗಿ ನೋಡಿ ಬಂದು, "ಚೀಲ ತಲೆಗಿಟ್ಕೊಂಡು ಮಲಗ್ಬುಟ್ಟವ್ಳೆ. ನಿದ್ದೆ ಹತ್ಬುಟ್ಟೈತೆ" ಅಂದರು.

ಹೊರಡೋಣ ಅಂದೆ ನಾನು. ದೊಡ್ಡಮ್ಮ ಈಗ ಕುರ್ಚಿಯಲ್ಲಿ ಕೂತರು. ಎಬ್ಬಿಸುವುದೂ ಬೇಡ ಅಂದರು. ಬೇವಿನ ನೆರಳು ನಮ್ಮ ಕಾಲಿನಿಂದ ಸರಿದು ಗೋಡೆ ಹತ್ತಿತು. ಹೂವಿನ ವಾಸನೆ ಇನ್ನೂ ಅಲ್ಲೇ ಇತ್ತು. ಎಲ್ಲೋ ಯಾರೋ ಒನಕೆಯೋ ಬಟ್ಟೆಯೋ ಬಡಿಯುವ ಸದ್ದು ಬರುತ್ತಿತ್ತು. ನನಗೂ ಕಣ್ಣು ಕೂಡಿತು. ಎಚ್ಚರವಾದಾಗ ಹುಡುಗಿ ಬಾಗಿಲಲ್ಲಿ ಕೂದಲು ಕಟ್ಟಿಕೊಳ್ಳುತ್ತ ನಿಂತಿದ್ದಳು.

"ಇನ್ನೂ ಇಲ್ಲೇ ಇದ್ದೀರಾ?" ಅಂದಳು.

"ನೀನು ಏನ್ ಅಂತೀಯೋ ಕೇಳ್ಕೊಂಡು ಹೋಗಾನ ಅಂತ" ಅಂದರು ದೊಡ್ಡಮ್ಮ. ಅವರ ಗಟ್ಟಿ ಧ್ವನಿ ಎಲ್ಲೋ ಇಳಿದುಹೋಗಿತ್ತು.

ಅವಳು ಕೂದಲು ಕಟ್ಟಿ ಮುಗಿಸಿದಳು. "ನಂಗೆ ಏನಾದ್ರೂ ಬೇಕಾದ್ರೆ ನಾನೇ ಫೋನ್ ಮಾಡ್ತೀನಿ. ಅಲ್ಲಿ ತನಕ ನೀವು ಮಾಡ್ಬೇಡಿ."

"ಸರಿ" ಅಂದರು ದೊಡ್ಡಮ್ಮ. ಕಣಮ್ಮ ಅನ್ನಲಿಲ್ಲ, ಕ್ಷಮಿಸು ಅನ್ನಲಿಲ್ಲ, ಒಂದು ಗಾದೆಯನ್ನೂ ಹೇಳಲಿಲ್ಲ.

ಆ ನಾಲ್ಕು ಜನರಿಗೆ ನಾನು ಎಲ್ಲವನ್ನೂ ನಡೆದದ್ದು ನಡೆದ ಹಾಗೆ ಹೇಳಿದೆ. ದೊಡ್ಡಮ್ಮನನ್ನು ಮುಂದಿಟ್ಟುಕೊಂಡೇ ಹೇಳಿದೆ. ಇಂಥ ಸಂಸ್ಥೆಯನ್ನು ನಂಬಬಹುದೇ ಎಂದು ಅವರಲ್ಲೊಬ್ಬರು ಕೇಳಿದರು. ಅವತ್ತು ನನಗೆ ನೆಟ್ಟಗೆ ಉತ್ತರ ಹೇಳಲು ಬರಲಿಲ್ಲ.

ಈಗಲೂ ಕೆಲವು ಮಧ್ಯಾಹ್ನ ಆ ಮನೆಗೆ ಹೋಗಿ ತೊಟ್ಟಿಲು ತೂಗುತ್ತೇನೆ. ಕಲ್ಯಾಣದುರ್ಗದಿಂದ ಫೋನು ಬಂದಿಲ್ಲ. ಆ ಹುಡುಗಿ ಹೇಗಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂದು ನಮಗೆ ಗೊತ್ತಿಲ್ಲ. ದೊಡ್ಡಮ್ಮನಿಗೆ ತಿಳಿಯುವ ಆಸೆ ಎಷ್ಟಿದೆ ಎಂದು ನನಗೆ ಗೊತ್ತು. ಕೂಸುಗಳೆಲ್ಲ ಮಲಗಿ ಮನೆ ಸುಮ್ಮನಾದಾಗ ಅವರ ಕೈ ಫೋನಿನ ಹತ್ತಿರ ಹೋಗುತ್ತದೆ, ಅದರ ಮೇಲೆ ಸ್ವಲ್ಪ ಹೊತ್ತು ಇರುತ್ತದೆ, ವಾಪಸ್ಸು ಬರುತ್ತದೆ. ಅದು ವಾಪಸ್ಸು ಬರುವುದನ್ನು ನೋಡಿದಾಗಲೆಲ್ಲ, ಹೌದು, ನಂಬಬಹುದು ಅನ್ನಿಸುತ್ತದೆ.